ಅಸ್ತು ದೇವತೆಗಳ ಖೈತಾನ್ ಶಾಖೆ

ತಿಂಗಳ ಕೊನೆಯ ವಾರ ಕುವೈತಿನ ಖೈತಾನ್ ಬಡಾವಣೆಯ ಯಾವ ಭಾರತೀಯನ ಮನೆಗೆ ಹೋದರೂ ಒಂದು ದೇಶದ್ರೋಹದ ಪ್ರಾರ್ಥನೆ ನಡೆದಿರುತ್ತದೆ: ದೇವರೇ, ರೂಪಾಯಿ ಇನ್ನೊಂಚೂರು ಬೀಳಲಿ. ಆಗಸ್ಟ್ ಹದಿನೈದಕ್ಕೆ ಎದೆಗೆ ಬಾವುಟ ಚುಚ್ಚಿಕೊಂಡು ಹೋಗುವವರೇ ಸಂಬಳ ಬಂದ ದಿನ ಎಕ್ಸ್‌ಚೇಂಜಿನ ಗಾಜಿನ ಮುಂದೆ ನಿಂತು, ದೀನಾರಿಗೆ ಇನ್ನೊಂದು ರೂಪಾಯಿ ಹೆಚ್ಚಾಗಲಿ ಎಂದು ಕಣ್ಣು ಮುಚ್ಚುತ್ತಾರೆ. ನಾನೂ ಮುಚ್ಚುತ್ತೇನೆ. ಕಣ್ಣು ಬಿಟ್ಟರೆ ಒಂದು ರೂಪಾಯಿ ಇಳಿದಿರುತ್ತದೆ. ಹಣ ಕಳಿಸಿ, ರಸೀದಿ ಜೇಬಿಗೆ ಹಾಕಿಕೊಂಡು ರಸ್ತೆ ದಾಟುವಷ್ಟರಲ್ಲಿ ಮೂರು ರೂಪಾಯಿ ಏರಿರುತ್ತದೆ. ನಿಮ್ಮದೂ ಇದೇ ಕಥೆ ಎಂದು ನನಗೆ ಗೊತ್ತು, ಸುಮ್ಮನೆ ಸಂಭಾವಿತರ ಮುಖ ಮಾಡಬೇಡಿ.

ಆಸೆ ಕೈಗೂಡುವ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಂಥಗಳಿವೆ. ನಮ್ಮವಳದು ಸಾಗರದ ತವರಿನಿಂದ ಬಂದ ಹಳೆಯ ಪಂಥ. ಮುಸ್ಸಂಜೆ ಹೊತ್ತಿಗೆ ಅಸ್ತು ದೇವತೆಗಳು ಮನೆಯ ಮೇಲೆ ಹಾದು ಹೋಗುತ್ತಿರುತ್ತಾರೆ, ಆಗ ಯಾರ ಬಾಯಲ್ಲಿ ಏನು ಬಂದರೂ ‘ಅಸ್ತು’ ಅಂದುಬಿಡುತ್ತಾರೆ, ಆದ್ದರಿಂದ ಒಳ್ಳೆಯದನ್ನೇ ಆಡಬೇಕು ಎನ್ನುವುದು ಅದರ ಸಿದ್ಧಾಂತ. ಅವರಿಗೆ ಕುವೈತಿಗೆ ಬರಲು ವೀಸಾ ಬೇಡವೇನೇ ಎಂದು ಕೇಳಿ ಒಂದು ಹೊತ್ತಿನ ಕಾಫಿ ಕಳೆದುಕೊಂಡಿದ್ದೇನೆ. ಆಮೇಲೆ ಜಾಣನಾದೆ. 2022ರಲ್ಲಿ ಕುವೈತ್ ಸರ್ಕಾರ ನೆಂಟರಿಷ್ಟರಿಗೆ ಭೇಟಿ ವೀಸಾ ಕೊಡುವುದನ್ನು ನಿಲ್ಲಿಸಿತ್ತಲ್ಲ, ಆ ಧೈರ್ಯದ ಮೇಲೆ ಪ್ರತಿ ಮುಸ್ಸಂಜೆ “ನಿಮ್ಮಮ್ಮ ಒಂದ್ಸಲ ಬಂದು ಹೋಗಬೇಕು ಕಣೇ, ಇಲ್ಲಿಯ ಸಮುದ್ರ ನೋಡಬೇಕು” ಎನ್ನುತ್ತಿದ್ದೆ. ಖರ್ಚಿಲ್ಲದ ಪುಣ್ಯ. ಕಾಫಿಯ ಜತೆಗೆ ಕೋಡುಬಳೆಯೂ ಬರತೊಡಗಿತು.

ಎರಡನೆಯದು ಮಗಳ ಪಂಥ. ಒಂಬತ್ತನೇ ಕ್ಲಾಸಿನ ಈ ಜಗದ್ಗುರುವಿಗೆ ಫೋನಿನಲ್ಲಿ ಜ್ಞಾನೋದಯವಾಗಿದೆ. “ಅಪ್ಪ, ನೀವು ಮ್ಯಾನಿಫೆಸ್ಟ್ ಮಾಡ್ತಿಲ್ಲ, ಬರೀ ಗೊಣಗ್ತೀರಿ” ಎಂದು ಒಂದು ಶುಕ್ರವಾರ ಬೆಳಿಗ್ಗೆ ನನ್ನನ್ನು ಸೋಫಾದ ಮೇಲೆ ಕೂರಿಸಿ ದೀಕ್ಷೆ ಕೊಟ್ಟಳು. ಹಳೆಯದನ್ನೆಲ್ಲ ಬಿಟ್ಟುಬಿಡಬೇಕು, ಈ ಕ್ಷಣದಲ್ಲಿ ಇರಬೇಕು, ಬೇಕಾದದ್ದು ಆಗಲೇ ಸಿಕ್ಕಿದೆ ಎಂಬ ಭಾವದಲ್ಲಿ ಮಲಗಬೇಕು. ಸಾಕ್ಷಿಗೆ ಅವಳು ನೆವಿಲ್ ಗೊಡ್ಡಾರ್ಡ್ ಎಂಬಾತನನ್ನು ಕರೆತಂದಳು. 1905ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದು ಡ್ಯಾನ್ಸರ್ ಆದವನು. 1933ರ ಚಳಿಗಾಲದಲ್ಲಿ ಊರಿಗೆ ಹೋಗುವ ಆಸೆಯಾಯಿತು, ಕೈಯಲ್ಲಿ ಕಾಸಿಲ್ಲ. ಅವನ ಗುರು ಅಬ್ದುಲ್ಲಾ, “ನೀನು ಆಗಲೇ ಬಾರ್ಬಡೋಸಿನಲ್ಲಿ ಇದ್ದೀಯ, ಹೋಗು” ಎಂದನಂತೆ. ಇವನು ರಾತ್ರಿಯೆಲ್ಲ ಅಪ್ಪನ ಮನೆಯಲ್ಲಿ ಮಲಗಿದ್ದೇನೆ ಅಂದುಕೊಂಡು ನ್ಯೂಯಾರ್ಕಿನಲ್ಲಿ ಮಲಗಿದ. ಡಿಸೆಂಬರಿನಲ್ಲಿ ಅಣ್ಣನ ಕಾಗದ ಬಂತು, ಜತೆಗೆ ಐವತ್ತು ಡಾಲರು, ಹಡಗಿನ ಟಿಕೆಟ್ಟು. ಆತನೇ ತನ್ನ ಉಪನ್ಯಾಸಗಳಲ್ಲಿ ಹೇಳಿಕೊಂಡಿದ್ದು.

ಕೇಳಿ ಮೈ ಜುಮ್ಮೆಂದಿತು. ಶರೀರ ಇಲ್ಲಿ, ಮನಸ್ಸು ಊರಿನಲ್ಲಿ, ಟಿಕೆಟ್ಟಿಗೆ ಕಾಸಿಲ್ಲ. ಇದು ಖೈತಾನಿನ ಪ್ರತಿಯೊಂದು ಫ್ಲಾಟಿನ ಕಥೆ! ನಾವು ಗಲ್ಫಿನವರು ಹುಟ್ಟಾ ನೆವಿಲ್‌ಗಳು. ಅಣ್ಣಂದಿರು ಮಾತ್ರ ಆ ಮಟ್ಟಕ್ಕೆ ಬೆಳೆದಿಲ್ಲ.

ಮೊದಲು ಹಳೆಯದನ್ನು ಬಿಡುವ ಕಾರ್ಯಕ್ರಮ. ನಮ್ಮ ಬಾಲ್ಕನಿಯ ಮೂಲೆಯಲ್ಲಿ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳಿವೆ. ನೀಡೊ ಹಾಲಿನ ಪುಡಿಯ ಖಾಲಿ ಡಬ್ಬಗಳು, ಟ್ಯಾಂಗಿನ ಗಾಜಿನ ಬಾಟಲಿಗಳು, ಸಾಮಾನು ತೂಗುವ ಕೊಕ್ಕೆ ತಕ್ಕಡಿ, ಮುಂದಿನ ಸಲ ಊರಿಗೆ ಒಯ್ಯಲೆಂದು ಇಟ್ಟು ಅವಧಿ ಮೀರಿದ ಟೈಗರ್ ಬಾಮು. ಎಲ್ಲವನ್ನೂ ಹೊರಗೆಳೆದು “ಇವತ್ತು ಬಿಡುಗಡೆ” ಎಂದು ಘೋಷಿಸಿದೆ. ನಮ್ಮವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದು ನಿಂತಳು.

“ಅದಿರ್ಲಿ, ಅಲ್ಲೇ ಇಡಿ.”

“ಖಾಲಿ ಡಬ್ಬ ಕಣೇ.”

“ನಮ್ಮಕ್ಕನ ಗೃಹಪ್ರವೇಶಕ್ಕೆ ಸೀರೆ ತರ್ತೀನಿ ಅಂತ ಹೇಳಿ ಗೋಡೆ ಗಡಿಯಾರ ತಂದಿರಲ್ಲ, ಆ ಗಡಿಯಾರದ ಡಬ್ಬ ಅದು. ಅಕ್ಕ ಮುಖ ಸಿಂಡರಿಸಿದ್ಲು ಅಂತ ಗಡಿಯಾರ ವಾಪಸ್ ತಂದು ಇದೇ ಹಾಲಿನಲ್ಲಿ ನೇತುಹಾಕಿದೀರಿ. ಡಬ್ಬ ಇರಲಿ.”

ನಾನು ಲೆಕ್ಕಪತ್ರದ ಮನುಷ್ಯ, ಶುವೈಖಿನ ಒಂದು ಕಂಪನಿಯಲ್ಲಿ ಅದೇ ಉದ್ಯೋಗ. ಹಳೆಯ ವೋಚರುಗಳನ್ನು ಐದಾರು ವರ್ಷ ಇಟ್ಟು ಆಮೇಲೆ ಹರಿದು ಹಾಕುವುದು ನಮ್ಮ ಪದ್ಧತಿ. ನಮ್ಮವಳ ದಫ್ತರದಲ್ಲಿ ಹರಿಯುವ ಪದ್ಧತಿಯೇ ಇಲ್ಲ. ಪ್ರತಿ ಡಬ್ಬಕ್ಕೂ ಒಂದೊಂದು ದಿನಾಂಕ, ಒಂದೊಂದು ಆಪಾದನೆ. ಕೊನೆಗೆ ಅವಳು ಯಾವ ಆಕ್ಷೇಪವೂ ಇಲ್ಲದೆ ಬಿಟ್ಟುಕೊಟ್ಟದ್ದು ಒಂದೇ ಒಂದು: ನನ್ನ ಮದುವೆಯ ಸೂಟು.

ಸೂಟು, ಎರಡು ಮುರುಕು ಕುರ್ಚಿ, ಒಂದು ಮಿಕ್ಸಿಯನ್ನು ಕಾರಿಗೆ ತುಂಬಿಕೊಂಡು ಅಲ್ ರಾಯ್‌ನ ಫ್ರೈಡೇ ಮಾರ್ಕೆಟ್ಟಿಗೆ ಹೋದೆ. ಊರು ಬಿಡುವವರು ಬಿಟ್ಟುಹೋದದ್ದೆಲ್ಲ ಬಂದು ಸೇರುವ ಜಾಗ ಅದು. ಮಂಚ, ತೊಟ್ಟಿಲು, ಟೀವಿ, ಪಾತ್ರೆ, ರತ್ನಗಂಬಳಿ, ಏನು ಬೇಕಾದರೂ ಸಿಗುತ್ತದೆ. ವ್ಯಾಪಾರಿ ಕುರ್ಚಿ ನೋಡಿದ, ಮಿಕ್ಸಿ ಅಲ್ಲಾಡಿಸಿದ, ಸೂಟನ್ನು ಎತ್ತಿ ಹಿಡಿದು ನನ್ನ ಹೊಟ್ಟೆಯನ್ನು ಒಮ್ಮೆ, ಸೂಟಿನ ಸೊಂಟವನ್ನು ಒಮ್ಮೆ ನೋಡಿದ. “ಎಲ್ಲ ಸೇರಿ ನುಸ್ ದೀನಾರ್” ಎಂದ. ಅರ್ಧ ದೀನಾರು! ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ತೆಗೆದು, ಅಳತೆ ಕೊಟ್ಟು ಹೊಲಿಸಿದ ಸೂಟು, ನನ್ನ ಯೌವನದ ಏಕೈಕ ಪುರಾವೆ. ಕುರ್ಚಿ, ಮಿಕ್ಸಿ ಅವನಿಗೇ ಬಿಟ್ಟು ಸೂಟನ್ನು ಕಿತ್ತುಕೊಂಡೆ. ಇದರೊಳಗೆ ಮತ್ತೆ ಹೊಕ್ಕು ತೋರಿಸುತ್ತೇನೆ ಎಂಬ ಛಲ ಹುಟ್ಟಿತು. ಎದುರಿಗೇ ಒಂದು ವ್ಯಾಯಾಮದ ಸೈಕಲ್ಲು ಇತ್ತು. ಚೌಕಾಸಿ ಮಾಡಿ ಏಳು ದೀನಾರಿಗೆ ಇಳಿಸಿ, ಡಿಕ್ಕಿಗೆ ಹಗ್ಗ ಕಟ್ಟಿ ತಂದೆ.

ಲಿಫ್ಟಿನಲ್ಲಿ ಮೇಲಿನ ಮನೆಯ ಶೆಟ್ರು ಸಿಕ್ಕರು. ಸೈಕಲ್ಲಿನ ಸೀಟನ್ನು ಪ್ರೀತಿಯಿಂದ ತಟ್ಟಿದರು.

“ಇದು ನಮ್ಮದೇ ಅಲ್ವಾ ಮಾರಾಯ್ರೆ! ಹೋದ ವಾರ ಎರಡು ದೀನಾರಿಗೆ ಕೊಟ್ಟು ಬಂದದ್ದು. ಹ್ಯಾಂಡಲಿಗೆ ಟೇಪು ಸುತ್ತಿದ್ದು ನಾನೇ. ಕೇಳಿದ್ರೆ ಸುಮ್ಮನೆ ಕೊಡ್ತಿದ್ದೆ.”

ಸೈಕಲ್ಲು ಬಾಲ್ಕನಿಯಲ್ಲಿ, ಗಡಿಯಾರದ ಡಬ್ಬದ ಪಕ್ಕ ಸ್ಥಾಪನೆಯಾಯಿತು. ಒಗೆದ ಟವೆಲ್ಲು ಒಣಹಾಕಲು ಅದರ ಹ್ಯಾಂಡಲಿಗೆ ಸಮ ಇಲ್ಲ.

ಹಳೆಯದನ್ನು ಬಿಡುವ ವಿದ್ಯೆ ನಿಜವಾಗಿ ಬಲ್ಲವರೆಂದರೆ ಈ ಶೆಟ್ರೇ ಇರಬೇಕು ಎಂದುಕೊಂಡು ಒಂದು ಸಂಜೆ ಅವರ ಬಳಿ ಕುಳಿತೆ. 1990ರ ಆಗಸ್ಟ್ 2, ಗುರುವಾರ ಬೆಳಗಾಗುವಾಗ ಇರಾಕಿನ ಸೇನೆ ಕುವೈತಿಗೆ ನುಗ್ಗಿತಲ್ಲ, ಆಗ ಅವರು ಇಲ್ಲೇ ಇದ್ದ ಮದುವೆಯಾಗದ ಹುಡುಗ. ಬಾಗ್ದಾದಿನ ಮೇಲೆ ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ. ಹಾಗೆ ಊರು ಸೇರಿದ ಭಾರತೀಯರು 1 ಲಕ್ಷ 70 ಸಾವಿರದಷ್ಟು ಮಂದಿ, ಕೈಯಲ್ಲಿ ಒಂದೊಂದು ಚೀಲ. ಯುದ್ಧ ಮುಗಿದ ಮೇಲೆ ಶೆಟ್ರು ವಾಪಸ್ ಬಂದು ಚಮಚದಿಂದ ಹಿಡಿದು ಸಂಸಾರದವರೆಗೆ ಎಲ್ಲ ಹೊಸದಾಗಿ ಶುರುಮಾಡಿದರು.

“ಎಲ್ಲ ಬಿಟ್ಟು ಹೊರಟಾಗ ಮನಸ್ಸಿಗೆ ಹೇಗನ್ನಿಸ್ತು ಶೆಟ್ರೆ?” ಎಂದೆ, ತತ್ತ್ವಜ್ಞಾನದ ಆಸೆಯಿಂದ.

“ಬಿಟ್ಟದ್ದು ಎಲ್ಲಿಂದ ಬಂತು? ಬಿಡಿಸಿದ್ದು. ಟೀವಿ ಹೋಯ್ತು, ಟೇಪ್ ರೆಕಾರ್ಡರ್ ಹೋಯ್ತು, ಬ್ಯಾಂಕಿನ ಪುಸ್ತಕ ಹೋಯ್ತು. ಅದೆಲ್ಲ ಹೋಗ್ಲಿ.” ಅವರ ದನಿ ತಗ್ಗಿತು. “ಆಗ ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ ಅಲ್ವಾ. ರಜೆಗೆ ಅಂತ ಬುಧವಾರ ಸಂಜೆ ಎರಡು ಕಿಲೊ ಜುಬೈದಿ ತಂದಿಟ್ಟಿದ್ದೆ. ಇಷ್ಟಿಷ್ಟು ದೊಡ್ಡದು. ನಮ್ಮ ಮಾಂಜಿ ಮೀನು. ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿ ಇಟ್ಟದ್ದು. ಅದನ್ನು ಯಾರು ತಿಂದರೋ ಮಾರಾಯ್ರೆ.”

ಇರಾಕಿನ ಮೇಲಿನ ಪರಿಹಾರದ ಲೆಕ್ಕ ನೋಡಲು 1991ರಲ್ಲಿ ವಿಶ್ವಸಂಸ್ಥೆ ಒಂದು ಆಯೋಗ ಮಾಡಿತು. 2022ರ ಜನವರಿಯಲ್ಲಿ ಕೊನೆಯ ಕಂತು ಪಾವತಿಯಾಗುವ ಹೊತ್ತಿಗೆ ಒಟ್ಟು 5,240 ಕೋಟಿ ಡಾಲರ್ ಹಂಚಿಕೆಯಾಗಿತ್ತು. ಊರು ಬಿಟ್ಟು ಹೋಗಬೇಕಾದವರ ಪಾಲು ಶೆಟ್ರಿಗೂ ಬಂದಿದೆ. ಆದರೆ ಅರ್ಜಿಯಲ್ಲಿ ಮೀನಿನ ಬಾಬ್ತು ಕಾಣಿಸಿರಲಿಲ್ಲ ಎಂಬ ಕೊರಗು ಈಗಲೂ ಇದೆ. ಆ ಪಲಾಯನದ ಮೇಲೆ ತೆಗೆದ ‘ಏರ್‌ಲಿಫ್ಟ್’ ಸಿನಿಮಾ ನೋಡಿ, “ಎಲ್ಲ ತೋರಿಸಿದ್ದಾರೆ, ಫ್ರಿಜ್ ಒಂದು ತೋರಿಸಲಿಲ್ಲ” ಅಂದರಂತೆ. ದೇಶವೇ ಕೈಬಿಟ್ಟಾಗ ಅಲುಗಾಡದವರು ಮೀನಿನ ವಿಷಯಕ್ಕೆ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ, ನನ್ನ ಸೂಟು ನನ್ನ ಬಳಿಯೇ ಇರಲಿ ಎಂದು ನಿಶ್ಚಯಿಸಿದೆ.

ಹೋಗಲಿ, ಈ ಕ್ಷಣದಲ್ಲಿ ಇರುವುದಕ್ಕೆ ಅಂಥ ಪೂರ್ವಸಿದ್ಧತೆ ಬೇಡವಲ್ಲ. ಮಗಳು ಹಾಲಿನಲ್ಲಿ ಚಾಪೆ ಹಾಸಿ ಕೂರಿಸಿ “ಉಸಿರು ಮಾತ್ರ ಗಮನಿಸಿ, ಅಪ್ಪ” ಎಂದಳು. ಗಮನಿಸಿದೆ. ವಿಮಾನ ನಿಲ್ದಾಣ ಖೈತಾನಿಗೆ ಕೂಗಳತೆ. ಒಂದು ವಿಮಾನ ಸದ್ದು ಮಾಡಿತು. ಮಂಗಳೂರಿನದಿರಬಹುದೆ? ಈಗ ಹೊರಟರೆ ಊಟದ ಹೊತ್ತಿಗೆ ಇಳಿಯುತ್ತದೆ, ಅಲ್ಲಿಯ ಊಟವೋ ಇಲ್ಲಿಯ ಊಟವೋ? ಕಣ್ಣು ತೆರೆದು ಗೋಡೆ ನೋಡಿದೆ. ಗೋಡೆಯ ಮೇಲೆ ಎರಡು ಗಡಿಯಾರ. ಒಂದು ಕುವೈತಿನದು. ಇನ್ನೊಂದು ಆ ಗೃಹಪ್ರವೇಶದ್ದು, ಎರಡೂವರೆ ಗಂಟೆ ಮುಂದೆ, ಊರಿನ ಸಮಯ. ಊರಿಗೆ ಫೋನು ಮಾಡುವುದು, ಹಬ್ಬದ ಪೂಜೆ, ಅಮ್ಮನ ಮಾತ್ರೆ ನೆನಪಿಸುವುದು ಎಲ್ಲ ಅದರಂತೆ.

“ಪುಟ್ಟಿ, ಯಾವ ಗಡಿಯಾರದ ಈ ಕ್ಷಣದಲ್ಲಿ ಇರ್ಬೇಕು?” ಎಂದೆ, ನಿಜವಾದ ಸಂಶಯದಿಂದ. ಗುರುಗಳು ಎದ್ದು ಹೋದರು.

ಆದರೂ ಪೂರ್ಣ ವರ್ತಮಾನದ ಸಾಕ್ಷಾತ್ಕಾರ ನನಗೆ ಅದೇ ದಿನ ಆಯಿತು, ಬಚ್ಚಲುಮನೆಯಲ್ಲಿ. ಬೇಸಿಗೆ ಬಂತೆಂದರೆ ಕುವೈತಿನ ನಲ್ಲಿಗಳು ಪಕ್ಷಾಂತರ ಮಾಡುತ್ತವೆ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ತಾರಸಿಯ ಟ್ಯಾಂಕಿನ ನೀರು ತಾನಾಗಿ ಕುದಿಯಲು ಹತ್ತುತ್ತದೆ. ಆಗ ನಾವೆಲ್ಲ ಗೀಸರಿನ ಸ್ವಿಚ್ಚು ಆರಿಸಿ, ಎಸಿಯ ತಂಪಿನಲ್ಲಿ ರಾತ್ರಿಯಿಡೀ ತಣಿದ ಗೀಸರಿನ ನೀರನ್ನೇ ತಣ್ಣೀರೆಂದು ಬಳಸುತ್ತೇವೆ. ಕೆಂಪು ನಲ್ಲಿ ತಣ್ಣಗೆ, ನೀಲಿ ನಲ್ಲಿ ಸುಡುಸುಡು. ಮಗುವಿಗೂ ಗೊತ್ತಿರುವ ವಿಷಯ. ಧ್ಯಾನದಿಂದ ಎದ್ದ ಗಾಂಭೀರ್ಯದಲ್ಲಿ ನಾನು ನೀಲಿ ನಲ್ಲಿಯ ಕೆಳಗೆ ಬೆನ್ನು ಕೊಟ್ಟು ಪೂರ್ತಿ ತಿರುಗಿಸಿದೆ. ಆ ಗಳಿಗೆಯಲ್ಲಿ ನನಗೆ ಭೂತವಿಲ್ಲ, ಭವಿಷ್ಯವಿಲ್ಲ, ಸಾಲವಿಲ್ಲ, ಸಂಬಂಧಿಕರಿಲ್ಲ. ಕೂಗು ಕೇಳಿ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ, ಓಡಿ ಬಂದು ಬಾಗಿಲು ಬಡಿದ. ಯೋಗ ಅಂತ ನಮ್ಮವಳು ಅವನನ್ನು ಸಮಾಧಾನ ಮಾಡಿ ಕಳಿಸಿದಳು.

ಇನ್ನು ಉಳಿದದ್ದು ನೆವಿಲ್‌ನ ಮಲಗುವ ವಿದ್ಯೆ. ಬೆನ್ನಿಗೆ ಬರ್ನಾಲ್ ಹಚ್ಚಿಕೊಂಡು ಬೋರಲು ಮಲಗಿ, ತೀರ್ಥಹಳ್ಳಿಯ ನಮ್ಮ ಮನೆಯ ಉಪ್ಪರಿಗೆಯಲ್ಲಿ ಮಲಗಿದ್ದೇನೆ ಎಂದು ಭಾವಿಸಿದೆ. ಆಷಾಢದ ರಾತ್ರಿ, ಹೆಂಚಿನ ಮೇಲೆ ಧೋ ಅನ್ನುವ ಮಳೆ, ಅಡಿಕೆ ಮರಗಳು ತೂಗುವ ಸದ್ದು, ಮೂಲೆಯಲ್ಲಿ ಕಂಬಳಿಯ ವಾಸನೆ. ಭಾವ ಎಷ್ಟು ಗಟ್ಟಿಯಾಯಿತೆಂದರೆ ಕುತ್ತಿಗೆಗೆ ಒಂದು ಹನಿ ಬಿತ್ತು. ಆಹಾ ಅನ್ನುವುದರೊಳಗೆ ಇನ್ನೊಂದು. ಆಮೇಲೆ ಧಾರೆ.

“ಏಳ್ರೀ, ಎಸಿ ಪೈಪು ಕಟ್ಕೊಂಡಿದೆ!” ಎಂದು ನಮ್ಮವಳು ದೀಪ ಹಾಕಿದಳು. ಮಧ್ಯರಾತ್ರಿ ಬಕೆಟ್ಟು, ಚಾಪೆ, ಮಂಚ ಎಳೆಯುವ ಸಂಭ್ರಮ. ಮಳೆ ಕೇಳಿದ್ದು ನಾನೇ ಆದ್ದರಿಂದ ದೂರು ಕೊಡುವ ಹಾಗೂ ಇಲ್ಲ.

ಬೆಳಿಗ್ಗೆ ಅಣ್ಣನ ಫೋನು ಬಂತು. ನೆವಿಲ್‌ನ ನೆನಪಾಗಿ ಎದೆ ಡವಡವ ಎಂದಿತು. “ಟಿಕೆಟ್ಟು...” ಎಂದು ಶುರುಮಾಡಿದ ಅಣ್ಣ. ನಾನು ಕುರ್ಚಿಯ ತುದಿಗೆ ಬಂದೆ. “...ಟಿಕೆಟ್ಟು ಗಿಕೆಟ್ಟು ಅಂತ ಖರ್ಚು ಮಾಡ್ಕೊಂಡು ಈ ವರ್ಷ ಬರಬೇಡ ಮಾರಾಯ. ಉಪ್ಪರಿಗೆ ಸೋರ್ತಾ ಇದೆ, ಹೆಂಚು ಬದಲಾಯಿಸ್ಬೇಕು. ಆ ದುಡ್ಡು ಇಲ್ಲಿಗೇ ಕಳಿಸು.” ನಾನು ಇಲ್ಲಿ ಕಲ್ಪಿಸಿದ ಮಳೆ ಅಲ್ಲಿ ನಿಜವಾಗಿಯೇ ಸುರಿದಿತ್ತು. ಅದೇ ತಿಂಗಳು ರೂಪಾಯಿ ಚೇತರಿಸಿಕೊಂಡಿತು.

ಇಷ್ಟಾದರೂ ಆಸೆಗೆ ನಾಚಿಕೆ ಎಲ್ಲಿಯದು? ಚಳಿಗಾಲದಲ್ಲಿ ಮಗಳು ಇನ್ನೊಂದು ವಿಧಾನ ತಂದಳು. ವಿಜ್ಞಾನಿ ಟೆಸ್ಲಾನ ಹೆಸರು ಅಂಟಿಸಿ ಅಂತರ್ಜಾಲದಲ್ಲಿ ಓಡಾಡುವ ಮೂರು-ಆರು-ಒಂಬತ್ತು. ಬೇಕಾದದ್ದನ್ನು ಸಿಕ್ಕಿಬಿಟ್ಟಂತೆ ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು, ರಾತ್ರಿ ಒಂಬತ್ತು ಸಲ ಬರೆಯಬೇಕು. ರಾಮಕೋಟಿ ಬರೆದ ಅಜ್ಜಿಯ ಮೊಮ್ಮಗ ನಾನು, ಬರೆಯುವುದಕ್ಕೆ ಹೆದರುತ್ತೇನೆಯೆ? ಆಫೀಸಿನ ಹಳೆಯ ಲೆಜ್ಜರು ತಂದು, ಯಾರಿಗೂ ಕಾಣದಂತೆ, ದುಂಡು ಅಕ್ಷರದಲ್ಲಿ ಬರೆಯತೊಡಗಿದೆ: “ನನ್ನ ಸಂಬಳ 800 ದೀನಾರ್ ಆಗಿದೆ.” ಎಂಟುನೂರೇ ಏಕೆಂದರೆ, ಊರಿನ ಮದುವೆಯೊಂದರಲ್ಲಿ ಯಾರೋ ಕೇಳಿದಾಗ ಬಾಯಿ ತಪ್ಪಿ ಅಷ್ಟು ಅಂದಿದ್ದೆ. ನಿಮ್ಮಲ್ಲಿ ಊರಿನ ಮದುವೆಯಲ್ಲಿ ನಿಜವಾದ ಸಂಬಳ ಹೇಳಿದವರು ಇದ್ದರೆ ಮೊದಲ ಕಲ್ಲು ಹೊಡೆಯಿರಿ.

ಅದ್ಭುತ ನಡೆಯಿತು. 2024ರ ಜನವರಿಯಲ್ಲಿ ಮ್ಯಾನೇಜರು ಒಳಗೆ ಕರೆದು ಕೈ ಕುಲುಕಿದರು. ಮನೆ ಬಾಡಿಗೆ, ಕಾರಿನ ಖರ್ಚು, ಫೋನು, ಓವರ್‌ಟೈಮು ಎಂದು ಬಿಡಿಬಿಡಿಯಾಗಿ ಕೊಡುತ್ತಿದ್ದದ್ದನ್ನೆಲ್ಲ ಒಟ್ಟು ಸೇರಿಸಿ, ಇಜ್ನ್ ಅಮಲಿನಲ್ಲಿ, ಅಂದರೆ ಕೆಲಸದ ಪರವಾನಗಿಯಲ್ಲಿ, ನನ್ನ ಸಂಬಳ 800 ದೀನಾರ್ ಎಂದು ನಮೂದಿಸುತ್ತಾರಂತೆ. ಕೈಗೆ ಎಷ್ಟು ಬರುತ್ತದೆ ಎಂದು ಕೇಳಿದೆ. “ಅದು ಮೊದಲಿನಷ್ಟೇ” ಎಂದರು. ಕಾಗದದ ಮೇಲೆ ಬರೆದು ಬೇಡಿದ್ದು ಕಾಗದದ ಮೇಲೇ ಸಿಕ್ಕಿತು. ಲೆಕ್ಕಿಗನ ಆಸೆಯಲ್ಲೂ ಲೆಕ್ಕಪತ್ರ ಸರಿಯಾಗಿರಬೇಕು, ‘ಕೈಗೆ’ ಎಂಬ ಎರಡಕ್ಷರ ಬಿಟ್ಟುಹೋಗಿತ್ತು. ಆದರೂ ಎಂಟುನೂರು ಎಂಟುನೂರೇ. ಆ ಸಂಜೆ ಪರವಾನಗಿಯ ಪ್ರತಿಯನ್ನು ಮನೆಯವರ ಮುಂದೆ ಬೀಸಾಡಿ, ಕಾಲ ಮೇಲೆ ಕಾಲು ಹಾಕಿ ಕೂತೆ. ನಮ್ಮವಳು ಅದನ್ನು ಓದಿ, ಮಡಚಿ, ಬೀರುವಿನಲ್ಲಿಟ್ಟಳು. ಅವಳ ಬೀರುವಿಗೆ ಹೋದ ಕಾಗದ ಹಾಳಾಗುವುದಿಲ್ಲ ಎಂದು ನಾನಾಗಲೇ ಹೇಳಿದ್ದೇನೆ.

ಫೆಬ್ರವರಿಯಲ್ಲಿ ಸರ್ಕಾರ ಭೇಟಿ ವೀಸಾ ಮತ್ತೆ ತೆರೆಯಿತು.

ಷರತ್ತುಗಳನ್ನು ಓದುತ್ತ ನಾನು ಮೊದಲು ಹಗುರಾದೆ. ತಂದೆ, ತಾಯಿ, ಹೆಂಡತಿ, ಮಕ್ಕಳನ್ನು ಕರೆಸಲು ಆಗ ಸಂಬಳ 400 ದೀನಾರಾದರೂ ಇರಬೇಕಿತ್ತು, ಉಳಿದ ನೆಂಟರಿಗೆ 800. “ಉಳಿದ ನೆಂಟರಾ? ನಮ್ಮಮ್ಮ ಉಳಿದ ನೆಂಟರಾ?” ಎಂದು ನಮ್ಮವಳು ಕುವೈತ್ ಸರ್ಕಾರದ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿದಳು. “ಏನು ಮಾಡೋಣ, ಕಾನೂನು ಕಣೇ. ಎಂಟುನೂರಿಗೆ ನಾನೆಲ್ಲಿ ಹೋಗಲಿ...” ಎಂದು ಅಭ್ಯಾಸಬಲದಿಂದ ನಿಟ್ಟುಸಿರು ಬಿಟ್ಟೆ. ಬಿಟ್ಟ ಉಸಿರು ಮೇಲೆಳೆದುಕೊಳ್ಳುವಷ್ಟರಲ್ಲಿ ಬೀರುವಿನ ಬಾಗಿಲು ಕಿರ್ ಎಂದಿತು. ಮಡಚಿದ ಕಾಗದ ನನ್ನ ತೊಡೆಯ ಮೇಲೆ ಬಂದು ಬಿತ್ತು. ಮಗಳು ಲೆಜ್ಜರನ್ನೂ ತಂದಳು. ನಾನು ದಿನಕ್ಕೆ ಹದಿನೆಂಟು ಸಲ ಏನು ಬರೆದಿದ್ದೆನೆಂದು ತಾಯಿಗೆ ಓದಿ ತೋರಿಸಿದಳು.

“ನಮ್ಮಮ್ಮನಿಗೋಸ್ಕರ ಇಷ್ಟು ಬರೆದ್ರಾ!” ನಮ್ಮವಳ ಕಣ್ಣಲ್ಲಿ ನೀರು. ನೀವಾದರೂ ಏನು ಹೇಳುತ್ತಿದ್ದಿರಿ? “ಮತ್ತೆ ಯಾರಿಗೋಸ್ಕರ?” ಎಂದೆ.

ಅತ್ತೆ ಬಂದರು. ಆಗ ವೀಸಾ ಒಂದೇ ತಿಂಗಳಿನದಾಗಿತ್ತು, ವಾಪಸ್ ಹೋಗುವ ಟಿಕೆಟ್ಟು ಮೊದಲೇ ತೆಗೆದಿರುವುದು ಕಡ್ಡಾಯವಾಗಿತ್ತು. ಆ ನಿಯಮ ಬರೆದವನು ಸಂಸಾರಸ್ಥನೇ ಇರಬೇಕು. ಬಂದ ದಿನವೇ ಬಾಲ್ಕನಿಯ ಡಬ್ಬಗಳನ್ನು ಇಳಿಸಿ ಪರಿಶೀಲನೆ ನಡೆಸಿದರು. ಗಡಿಯಾರದ ಡಬ್ಬ ನೋಡಿ ಗೃಹಪ್ರವೇಶದ ಕಥೆಯನ್ನು ತಮ್ಮ ಕಡೆಯಿಂದ ಇನ್ನೊಮ್ಮೆ, ಹೆಚ್ಚಿನ ವಿವರಗಳೊಂದಿಗೆ ಹೇಳಿದರು. ಸೂಟನ್ನು ಹಿಡಿದು, “ಇದರಲ್ಲಿ ಇದ್ದ ಹುಡುಗನಿಗೆ ಅಲ್ವಾ ನಾವು ಹೆಣ್ಣು ಕೊಟ್ಟಿದ್ದು?” ಎಂದು ತಮ್ಮ ಮಗಳನ್ನು ಕೇಳಿದರು. ಶೆಟ್ರ ಮೀನಿನ ಕಥೆಯನ್ನು ಮಾತ್ರ ಸಸ್ಯಾಹಾರಿಯಾದರೂ ತುಂಬ ಸಹಾನುಭೂತಿಯಿಂದ ಕೇಳಿದರು. ನನ್ನ ಸುಟ್ಟ ಬೆನ್ನಿನ ಕಥೆಗೆ ನಕ್ಕರು.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನನಗೆ ಎಷ್ಟು ನಿರಾಳವಾಗಿತ್ತೆಂದರೆ ಔದಾರ್ಯ ಉಕ್ಕಿ ಬಂತು. “ಒಂದು ತಿಂಗಳು ಯಾತಕ್ಕೂ ಸಾಲಲಿಲ್ಲ ಅತ್ತೆ, ಇನ್ನೂ ಎರಡು ತಿಂಗಳು ಇರಬೇಕಿತ್ತು” ಎಂದೆ. ಹೊರಗೆ ಸೂರ್ಯ ಮುಳುಗುತ್ತಿದ್ದ. ಗಮನಿಸಬೇಕಿತ್ತು.

2025ರಲ್ಲಿ ಸರ್ಕಾರ ಕುಟುಂಬ ಭೇಟಿಯ ಅವಧಿಯನ್ನು ಒಂದು ತಿಂಗಳಿನಿಂದ ಮೂರು ತಿಂಗಳಿಗೆ ಏರಿಸಿತು. ಅತ್ತೆ ಮತ್ತೆ ಬಂದರು.

ಅಲ್ಲಿಂದೀಚೆಗೆ ಮನೆಯಲ್ಲಿ ನನ್ನ ಮಾತಿಗೆ ಎಲ್ಲಿಲ್ಲದ ಬೆಲೆ. ಮುಸ್ಸಂಜೆಯಾಗುತ್ತಲೇ ನಮ್ಮವಳು, ಅತ್ತೆ ಇಬ್ಬರೂ ಕಾಫಿ, ಕೋಡುಬಳೆ ಹಿಡಿದು ಎದುರು ಕೂರುತ್ತಾರೆ. “ರೀ, ಬಂಗಾರದ ರೇಟು ಇಳೀತದೆ ಅಂತ ಒಂದ್ಸಲ ಹೇಳ್ರಿ.” ನಾನು ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, ಸ್ಪಷ್ಟವಾಗಿ ಹೇಳುತ್ತೇನೆ. ಮರುದಿನ ಬೆಳಿಗ್ಗೆ ಏರಿರುತ್ತದೆ. ಅಸ್ತು ದೇವತೆಗಳು ಕೇಳಿಸಿಕೊಳ್ಳುವುದೇನೋ ನಿಜ, ಆದರೆ ಅವರೂ ಹೆಣ್ಣಿನ ಕಡೆಯವರೇ.